ಅನುಮಾನದ ಚೆಂಡು

ಬಹುಮಾನದ ಕಪ್ಪಿನ ಎಡಗಡೆಯ ಹಿಡಿಕೆಯಲ್ಲಿ ಹಿತ್ತಾಳೆ ಕಾಣಿಸಿಕೊಂಡಿತ್ತು. ನಿನ್ನೆ ಸಂಜೆ ಮಾಧವಿ ಅದನ್ನು ಟೂತ್‌ಪೇಸ್ಟ್ ಹಚ್ಚಿ ಉಜ್ಜಿದ್ದಳು, ಬೇಕಾದ್ದಕ್ಕಿಂತ ಹೆಚ್ಚು ಹೊತ್ತು, ಬೆರಳ ತುದಿ ಬಿಳಿಚಿಕೊಳ್ಳುವ ತನಕ. ಬೆಳ್ಳಿಯ ಲೇಪ ಸುಲಿದು ಹಳದಿ ಲೋಹ ಇಣುಕಿದಾಗ ಅವಳಿಗೆ ಬೇಸರವಾಗಲಿಲ್ಲ. ಈಗ ಆ ಕಪ್ಪು ಹಳೆಯ ಟವೆಲಿನಲ್ಲಿ ಸುತ್ತಿಕೊಂಡು ಅವಳ ತೊಡೆಯ ಮೇಲಿತ್ತು. ಪ್ರಾಣೇಶನ ಡಾಡ್ಜ್ ಕಾರು ಊರಾಚೆಯ ಜೆರಿಕೋ ಕಡೆಗೆ, ಅವಳ ಗಂಡ ದಿವಾಕರನ ನೆನಪಿಗೆ ಡಾಕ್ಟರ್ ಕೃಷ್ಣಸ್ವಾಮಿ ಇಟ್ಟಿದ್ದ ಪಂದ್ಯಕ್ಕೆ, ಓಡುತ್ತಿತ್ತು. ಮುಂದಿನ ಸೀಟಿನಲ್ಲಿದ್ದ ಅವನ ಹೆಂಡತಿ ಅನಸೂಯ ಆಗಾಗ ಹಿಂದೆ ತಿರುಗಿ ನೋಡಿ ನಗುತ್ತಿದ್ದಳು, ಆಸ್ಪತ್ರೆಯಲ್ಲಿ ರೋಗಿಯ ಕಡೆ ನೋಡಿ ನಗುವ ಹಾಗೆ. ನಾಲ್ಕು ತಿಂಗಳಿನಿಂದ ಎಲ್ಲರೂ ಮಾಧವಿಯ ಕಡೆ ಹೀಗೆಯೇ ನಗುತ್ತಿದ್ದರು. ಮೊದಲು ಹಣೆ ನೋಡಿ, ಆಮೇಲೆ ಕಣ್ಣು ನೋಡಿ, ಆಮೇಲೆ ನಗು. ಹಣೆಯ ಮೇಲೆ ಅವಳು ಸಣ್ಣ ಕಪ್ಪು ಬೊಟ್ಟಿಟ್ಟುಕೊಂಡಿದ್ದಳು. ಅದನ್ನು ಏನೆಂದು ತಿಳಿಯಬೇಕೋ ಅವಳಿದ್ದ ಜಾಕ್ಸನ್ ಹೈಟ್ಸಿನ ಭಾರತೀಯರಲ್ಲೂ ಯಾರಿಗೂ ಗೊತ್ತಾಗಿರಲಿಲ್ಲ, ಅವಳಿಗೂ ಗೊತ್ತಿರಲಿಲ್ಲ.

“ವೈನಿ, ಡಾಕ್ಟರ್ ಸಾಹೇಬ್ರ ಆಟ ನೋಡೀರೇನು ನೀವು?” ಎಂದು ಪ್ರಾಣೇಶ ಕನ್ನಡಿಯಲ್ಲಿ ಕೇಳಿದ. ಧಾರವಾಡದವನು, ಎಂಜಿನಿಯರ್. ಮೌನವನ್ನು ತಡೆಯಲಾರದವನು. “ನಾ ನೋಡೇನ್ರಿ. ಅದಕ್ಕ ಟಿಕೀಟ್ ಇಟ್ರ, ದುಡ್ಡು ಕೊಟ್ಟು ಹೊರಗ ನಿಲ್ತೀನಿ.”

“ಸುಮ್ನ ಕೂಡ್ರಿ,” ಎಂದಳು ಅನಸೂಯ.

“ಅಲ್ಲಾ, ದಿವಾಕರಣ್ಣ ಐದು ವರ್ಷ ಪುಕ್ಕಟೆ ಟೆನಿಸ್ ಕಲಿಸ್ಯಾರ. ಅಷ್ಟರಾಗ ನಮ್ಮ ಓಣಿ ಎಮ್ಮಿನೂ ಬ್ಯಾಕ್‌ಹ್ಯಾಂಡ್ ಹೊಡೀತಿತ್ತು.”

ಅನಸೂಯ ಅವನ ಮೊಣಕೈ ಚಿವುಟಿದಳು. ಮಾಧವಿಗೆ ನಗು ಬಂತು. ಬಂದ ನಗು ತುಟಿಯ ತನಕ ಬಂದು ಅಲ್ಲೇ ನಿಂತಿತು.

ಪುಕ್ಕಟೆ. ಅದೇ ದಿವಾಕರನ ಧರ್ಮವಾಗಿತ್ತು. ಭಾನುವಾರ ಬೆಳಿಗ್ಗೆ ಆರಕ್ಕೆ ಎದ್ದು, ಕ್ಯಾನ್ವಾಸ್ ಶೂಗಳಿಗೆ ಬಿಳಿ ಬಳಿದು ಕಿಟಕಿಯ ಕಟ್ಟೆಯ ಮೇಲೆ ಒಣಗಲು ಇಟ್ಟು, ಮರದ ರಾಕೆಟ್ಟನ್ನು ಅದು ಬಾಗದಂತೆ ಬಿಗಿದಿಟ್ಟ ಪ್ರೆಸ್ಸಿನಿಂದ ಬಿಡಿಸುವಾಗ ನಾಲ್ಕು ಮೂಲೆಯ ತಿರುಪುಗಳನ್ನೂ ಒಂದೊಂದು ಸುತ್ತಿನಂತೆ ಸಮವಾಗಿ ತಿರುಗಿಸುತ್ತಿದ್ದ. ಒಂದು ಕಡೆ ಹೆಚ್ಚು ಸಡಿಲಿಸಿದರೆ ಚೌಕಟ್ಟು ಸೊಟ್ಟಗಾಗುತ್ತದಂತೆ. ಆಮೇಲೆ ಎರಡು ರೈಲು ಹತ್ತಿ ಡಾಕ್ಟರ್ ಕೃಷ್ಣಸ್ವಾಮಿಯ ಹಿತ್ತಿಲಿನ ಕೋರ್ಟಿಗೆ ಹೋಗಿ, ಸಂಬಳ ಎಣಿಸಲು ಪುರುಸೊತ್ತಿಲ್ಲದ ಗಂಡಸರಿಗೆ ಚೆಂಡು ಹೊಡೆಯುವುದನ್ನು ಕಲಿಸಿ, ಸಂಜೆ ಒಂದು ಕಾಗದದ ಚೀಲದಲ್ಲಿ ಅವರ ಹಿತ್ತಿಲಿನ ಟೊಮೇಟೊ ತರುತ್ತಿದ್ದ. ಅವು ಒಳ್ಳೆಯ ಟೊಮೇಟೊಗಳು. ಅವಳು ಅವುಗಳಲ್ಲಿ ಸಾರು ಮಾಡುತ್ತಿದ್ದಳು ಮತ್ತು ಸಾರು ಕುದಿಯುವಾಗ ಅದರ ಮೇಲೆ ಎದ್ದು ಬರುವ ನೊರೆಯನ್ನು ಅಸಹ್ಯದಿಂದ ನೋಡುತ್ತಿದ್ದಳು. ನ್ಯೂ ಜೆರ್ಸಿಯ ಒಂದು ಒಳಾಂಗಣ ಕ್ಲಬ್ಬಿನವರು ಎರಡು ಸಲ ಪತ್ರ ಬರೆದಿದ್ದರು: ಕೋಚ್ ಆಗಿ ಬನ್ನಿ, ಮೇಲಿನ ಅಂತಸ್ತಿನಲ್ಲಿ ಮನೆಯೂ ಇದೆ. ಎರಡು ಸಲವೂ ಅವನು ಚಂದದ ಕೈಬರಹದಲ್ಲಿ ಬೇಡವೆಂದು ಬರೆದ. ‘ಪ್ರೊಫೆಷನಲ್’ ಎಂಬ ಶಬ್ದವನ್ನು ಅವನು ಸತ್ತ ಇಲಿಯನ್ನು ಬಾಲ ಹಿಡಿದು ಎತ್ತಿ ಆಚೆ ಹಾಕುವಂತೆ ಉಚ್ಚರಿಸುತ್ತಿದ್ದ. ಲೋಕವೆಲ್ಲ ಹಣಕ್ಕೆ ಆಡಲು ಶುರುಮಾಡಿ ಆರು ವರ್ಷವಾಗಿತ್ತು. ಬಣ್ಣದ ಅಂಗಿ, ಹಳದಿ ಚೆಂಡು, ಟೀವಿಯಲ್ಲಿ ಜಾಹೀರಾತು. ಇವನೊಬ್ಬ ಮ್ಯಾನ್‌ಹಟನ್ನಿನ ಒಂದು ಆಫೀಸಿನ ಏಳನೆಯ ಮಹಡಿಯಲ್ಲಿ ಬೇರೆಯವರ ಸೇತುವೆಗಳ ನಕ್ಷೆಗೆ ಗೆರೆ ಎಳೆಯುತ್ತ, ಹಣಕ್ಕಾಗಿ ಆಡದವನು, ಅಮೆಚೂರ್, ಎಂಬ ಯಾರೂ ಕೇಳದ ಪದವಿಯನ್ನು ಕಾಯುತ್ತ ಕೂತಿದ್ದ.

ಮೈಸೂರಿನಲ್ಲಿ ಅದು ಹೀಗಿರಲಿಲ್ಲ. ಸಗಣಿ ಸಾರಿಸಿದ ಕೋರ್ಟಿನ ಅಂಚಿನಲ್ಲಿ ಬೆತ್ತದ ಕುರ್ಚಿಗಳು, ಸೋಡಾ ಬಾಟಲಿಗಳು, ಹುಡುಗಿಯರ ಸಾಲಿನಲ್ಲಿ ಅವಳು. ಆಗ ಅವಳಿಗೆ ಹದಿನಾರು. ಬೆಳಿಗ್ಗೆ ಸಾರಿಸಿದ ನೆಲ ಮಧ್ಯಾಹ್ನದ ಹೊತ್ತಿಗೆ ಹಸಿರುಗಪ್ಪಾಗಿ ಗಟ್ಟಿಯಾಗುತ್ತಿತ್ತು, ಅದರ ಮೇಲೆ ಬಿಳಿ ಚೆಂಡು ಬಿದ್ದಲ್ಲೆಲ್ಲ ಹೆಬ್ಬೆರಳಿನಗಲದ ಗುರುತು. ಅಂಪೈರು ಅವನ ಪರವಾಗಿ ಕೊಟ್ಟ ಒಂದು ಪಾಯಿಂಟನ್ನು ಅವನು ಗೆರೆಯ ಹತ್ತಿರ ನಡೆದು ಹೋಗಿ, ಬಗ್ಗಿ ಗುರುತು ನೋಡಿ, ತಲೆಯಾಡಿಸಿ, ಎದುರಾಳಿಗೆ ಬಿಟ್ಟುಕೊಟ್ಟ. ಬೆತ್ತದ ಕುರ್ಚಿಗಳು ಚಪ್ಪಾಳೆ ತಟ್ಟಿದವು. ರಾಜ್ಯದ ಚಾಂಪಿಯನ್, ಸತತ ಮೂರು ವರ್ಷ. ಮೂರನೆಯ ವರ್ಷ ಕಪ್ಪು ಅವನಿಗೇ ಉಳಿಯಿತು; ಈಗ ಟವೆಲಿನಲ್ಲಿದ್ದದ್ದು ಅದೇ. ಅವಳು ಆಮೇಲೆ ಮಾನಸಗಂಗೋತ್ರಿಯಲ್ಲಿ ಎಂ.ಎ. ಓದಿ, ಪುಸ್ತಕಗಳಲ್ಲಿ ಬೇರೆ ಬೇರೆ ಬಗೆಯ ಗಂಡಸರನ್ನು ಕಂಡು, ಕೊನೆಗೆ ಆ ತಲೆಯಾಡಿಸಿದ ರೀತಿಯನ್ನೇ ಮದುವೆಯಾದಳು.

ಡಾಕ್ಟರ ಮನೆಯ ಮುಂದೆ ಹನ್ನೆರಡು ಕಾರುಗಳಿದ್ದವು. ಬಾಗಿಲಲ್ಲಿ ಕೌಸಲ್ಯಾ, ಡಾಕ್ಟರ ಹೆಂಡತಿ, ಅರಿಸಿನ ಕುಂಕುಮದ ಬಟ್ಟಲು ಹಿಡಿದು ನಿಂತಿದ್ದರು. ಅನಸೂಯಳಿಗೆ ಕೊಟ್ಟರು. ಆಮೇಲೆ ಬಟ್ಟಲು ಹಿಡಿದ ಕೈ ಗಾಳಿಯಲ್ಲಿ ಒಂದು ಕ್ಷಣ ನಿಂತು, ದಾರಿ ಮರೆತಂತೆ ತಿರುಗಿ ಹಿಂದಿನ ಮೇಜಿನ ಕಡೆ ಹೋಯಿತು. ವಾಪಸು ಬಂದಾಗ ಅದರಲ್ಲಿ ಚಟ್ನಿ ಸ್ಯಾಂಡ್‌ವಿಚ್ ಇಟ್ಟ ಕಾಗದದ ತಟ್ಟೆಯಿತ್ತು.

“ತೊಗೋ ಮಾಧವಿ. ಎಷ್ಟು ಇಳಿದು ಹೋಗಿದೀಯ! ಕಪ್ ತಂದ್ಯಾ? ಎಷ್ಟು ಪಳಪಳ ಅಂತಿದೆ.” ಕೌಸಲ್ಯಾ ಟವೆಲ್ ಸರಿಸಿ ನೋಡಿದರು. ದನಿ ತಗ್ಗಿಸಿದರು. “ನೋಡು, ತಪ್ಪು ತಿಳ್ಕೋಬೇಡ. ಗೆದ್ದವರ ಕೈಗೆ ಕಪ್ ಕೊಡೋದನ್ನ ಸೂರ್ಯನಾರಾಯಣ ಅವರ ಮಿಸೆಸ್ ಕೈಯಲ್ಲಿ ಮಾಡ್ಸೋಣ ಅಂತ ಮಾತಾಯ್ತು. ನಮಗೇನೂ ಶಕುನ ಗಿಕುನದಲ್ಲಿ ನಂಬಿಕೆ ಇಲ್ಲಮ್ಮ. ಬಂದಿರೋ ದೊಡ್ಡವರು ಒಂದಿಬ್ರು ಇದಾರೆ, ಅಷ್ಟೇ. ಡಾಕ್ಟ್ರು ನಿನಗೆ ಬೇರೆ ಗೌರವದ ಕೆಲಸ ಇಟ್ಟಿದಾರೆ.”

ಗೌರವದ ಕೆಲಸವೆಂದರೆ ಒಂದು ಮಡಿಸುವ ಕುರ್ಚಿ. ಕೋರ್ಟಿನ ಗೇಟಿನ ಪಕ್ಕ, ಹಿಂದಿನ ಗೆರೆಯ ನೇರಕ್ಕೆ ಹಾಕಿದ್ದರು. “ಫೈನಲ್‌ಗೆ ನೀನೇ ನಮ್ಮ ಲೈನ್ ಅಂಪೈರ್. ಚೆಂಡು ಒಳಗೋ ಹೊರಗೋ ನೀನೇ ಹೇಳ್ಬೇಕು,” ಎಂದು ಕೃಷ್ಣಸ್ವಾಮಿ ಎರಡೂ ತೋಳು ಚಾಚಿ ಬಂದರು. ಐವತ್ತರ ಹತ್ತಿರದ ಮನುಷ್ಯ, ಮೊಣಕಾಲಿನ ತನಕ ಬಿಳಿ ಕಾಲುಚೀಲ, ಕೈಯಲ್ಲಿ ಹೊಸ ಸ್ಟೀಲ್ ರಾಕೆಟ್ಟು. ಅವರ ಮೈಯಿಂದ ಹೊಸ ಬಟ್ಟೆಯ ವಾಸನೆ ಬರುತ್ತಿತ್ತು. “ಚಾಂಪಿಯನ್ ಹೆಂಡತಿ ಹೇಳಿದ ಮೇಲೆ ಅಪೀಲೇ ಇಲ್ಲ. ಏನಂತೀಯ?”

“ಆಗಲಿ ಡಾಕ್ಟ್ರೇ,” ಎಂದಳು.

ಈ ಮನೆಗೆ ಅವಳು ಬರಲೇಬೇಕೆಂದು ಬಂದಿದ್ದಳು. ಅದನ್ನು ಯಾರಿಗೂ ಹೇಳಿರಲಿಲ್ಲ. ಮೇ ತಿಂಗಳಲ್ಲಿ, ಅಂತ್ಯಕ್ರಿಯೆಯ ಸಭಾಂಗಣದಲ್ಲಿ, ಈ ಡಾಕ್ಟರು ಅವಳ ಕೈ ಹಿಡಿದು ಎಲ್ಲರಿಗೂ ಕೇಳುವಂತೆ ಹೇಳಿದ್ದರು: “ಒಂದು ಮಾತು ಹೇಳಿದ್ದಿದ್ರೆ ಸಾಕಿತ್ತು. ಯಾರಿಗೂ ಹೇಳ್ಕೊಳ್ಳಲಿಲ್ಲ ನೋಡು. ಅವನ ಸ್ವಭಾವವೇ ಅದು.” ಸುತ್ತಲಿದ್ದವರು ತಲೆದೂಗಿದರು. ಆಮೇಲೆ ಅದೇ ಮಾತು ಫೋನಿನಲ್ಲಿ, ಪತ್ರಗಳಲ್ಲಿ, ದೇವಸ್ಥಾನದ ಚಂದಾ ಸಭೆಯಲ್ಲಿ ಸುತ್ತಿ ಬಂತು. ಮೈಸೂರಿನಿಂದ ಅತ್ತೆ ಬರೆದ ಕಾಗದದಲ್ಲೂ ಬಂತು. ಯಾರಿಗೂ ಹೇಳ್ಕೊಳ್ಳಲಿಲ್ಲ. ಅವಳಿಗೆ ಬೇಕಾಗಿದ್ದದ್ದು ಒಂದೇ: ಆ ಮಾತು ಸುಳ್ಳೆಂದು ಈ ಮನುಷ್ಯ ಇದೇ ಜನರ ಮುಂದೆ ಹೇಳಬೇಕು. ಏಕೆಂದರೆ ದಿವಾಕರ ಹೇಳಿದ್ದ. ಸಾಯುವ ಎರಡು ದಿನ ಮೊದಲಿನ ಆ ಭಾನುವಾರ ಟೊಮೇಟೊ ಇನ್ನೂ ಇರಲಿಲ್ಲ, ಕೊತ್ತಂಬರಿ ಸೊಪ್ಪು ತಂದಿದ್ದ. ಎಡದೋಳನ್ನು ಉಜ್ಜಿಕೊಳ್ಳುತ್ತ ಒಳಗೆ ಬಂದು, “ಕೃಷ್ಣಸ್ವಾಮಿಗೆ ತೋರಿಸ್ದೆ. ಮಸಲ್ ಪುಲ್ ಅಂದ್ರು. ಎರಡು ವಾರ ಸರ್ವ್ ಜಾಸ್ತಿ ಮಾಡ್ಬೇಡ ಅಂದ್ರು,” ಎಂದಿದ್ದ. ಅವನು ಸರ್ವ್ ಮಾಡುತ್ತಿದ್ದದ್ದು ಬಲಗೈಯಲ್ಲಿ. ಐದು ವರ್ಷ ಅವನ ಸರ್ವನ್ನು ನೋಡುತ್ತ ನಿಂತ ಡಾಕ್ಟರಿಗೆ ಅದು ಹೊಳೆದಿರಲಿಲ್ಲ. ಕೊತ್ತಂಬರಿಯ ಬೇರು ಕತ್ತರಿಸುತ್ತ ನಿಂತಿದ್ದ ಅವಳಿಗೆ ಹೊಳೆದಿತ್ತು. ಚಾಕು ಒಂದು ಸಲ ನಿಂತು ಮತ್ತೆ ಚಲಿಸಿತ್ತು.

ಫೈನಲ್ಲಿಗೆ ಮೊದಲು ಭಾಷಣ. ಡಾಕ್ಟರು ನೆಟ್ಟಿನ ಪಕ್ಕ ನಿಂತು, ದಿವಾಕರ ಅಮೆರಿಕದ ದೊಡ್ಡ ಟೂರ್ನಿಯಲ್ಲಿ ಆಡಿದ ಫಾರೆಸ್ಟ್ ಹಿಲ್ಸಿನ ಕಥೆ ಹೇಳಿದರು. ಪ್ರತಿ ಸಲ ಹೇಳುವಾಗಲೂ ಅದು ದಪ್ಪಗಾಗುತ್ತಿತ್ತು. “ಸಿಕ್ಸ್ಟಿ ಸೆವೆನ್. ನಮ್ಮ ಸಗಣಿ ಕೋರ್ಟಿನ ಹುಡುಗ, ಅಮೆರಿಕದ ಹುಲ್ಲಿನ ಮೇಲೆ! ಐದು ಸಾವಿರ ಜನ ಉಸಿರು ಬಿಗಿ ಹಿಡಿದು ಕೂತಿದಾರೆ. ಎದುರಾಳಿಯ ಚೆಂಡು ಔಟಾಗಿ ಹೋಗ್ತಿದೆ. ಅಂಪೈರು ಔಟ್ ಅಂದ. ಇವನು ಕೈ ಎತ್ತಿದ. ನನ್ನ ರಾಕೆಟ್ಟಿಗೆ ತಾಕಿತು, ಪಾಯಿಂಟ್ ಅವರದು ಅಂದ. ಸ್ಟೇಡಿಯಂಗೆ ಸ್ಟೇಡಿಯಮ್ಮೇ ಎದ್ದು ನಿಲ್ತು!” ಮಾಧವಿ ಆ ಕಥೆಯನ್ನು ಅವನ ಬಾಯಿಂದಲೇ ಕೇಳಿದ್ದಳು. ಅದು ಸ್ಟೇಡಿಯಮ್ಮಲ್ಲ, ಅದರ ಹಿಂದಿನ ಒಂದು ಕೋರ್ಟು. ಹದಿನೇಳೋ ಹದಿನೆಂಟೋ ಜನ, ಒಬ್ಬ ಪೇಪರು ಓದುತ್ತಿದ್ದ. ಅವನು ಕೈ ಎತ್ತಿದ್ದು ಯಾರಿಗೂ ಅರ್ಥವಾಗದೆ ಅಂಪೈರು ಮೂರು ಸಲ ಏನೆಂದು ಕೇಳಿದನಂತೆ. ಆಮೇಲೆ ಇವನು ಒಂದೇ ಒಂದು ಗೇಮ್ ಗೆಲ್ಲಲಿಲ್ಲ. ಮೊದಲನೆಯ ಸುತ್ತಿನಲ್ಲೇ ಮುಗಿಯಿತು, ಅಷ್ಟೇ ಅವನ ಅಮೆರಿಕ. ಮರುವರ್ಷ ಹಣದ ಆಟಗಾರರಿಗೆ ಬಾಗಿಲು ತೆರೆದರು. ಇವನ ಹೆಸರನ್ನು ಯಾರೂ ಕರೆಯಲಿಲ್ಲ. ಆದರೆ ಅದನ್ನು ಹೇಳುವಾಗ ಅವನ ಮುಖದಲ್ಲಿ ಗೆದ್ದವನ ಬೆಳಕಿತ್ತು. “ತಾಕಿದ್ದು ನಿಜವಾ?” ಎಂದು ಅವಳು ಕೇಳಿದ್ದಳು. “ಅನುಮಾನ ಇತ್ತು,” ಎಂದ. “ಅನುಮಾನದ ಚೆಂಡು ಎದುರಾಳಿಗೆ. ಅದು ರೂಲು.” ಅವಳು ಹೊಸದಾಗಿ ಬಂದಿದ್ದಳು. ಅಡುಗೆಮನೆಯ ಕಿಟಕಿಯ ಹೊರಗೆ ಮೊದಲ ಹಿಮ ಬೀಳುತ್ತಿತ್ತು. ಅವಳಿಗೆ ಆ ಮಾತು ದೊಡ್ಡದಾಗಿ ಕಂಡಿತ್ತು. ಆಮೇಲೆ ಅದು ಆಫೀಸಿನ ಬಡ್ತಿಗೂ ಬಂತು, ಪಕ್ಕದವನ ಜೊತೆಗಿನ ಗೋಡೆಯ ಜಗಳಕ್ಕೂ ಬಂತು, ಮಗು ಬೇಕೋ ಬೇಡವೋ ಎನ್ನುವುದಕ್ಕೂ ಬಂತು. ಒಬ್ಬ ಮನುಷ್ಯ ಇಡೀ ಬದುಕನ್ನು ಗೆರೆಯ ಆಚೆಗೆ ಹಾಕುವುದನ್ನು ಅವಳು ಪಕ್ಕದಲ್ಲಿ ನಿಂತು ನೋಡಿದಳು. ಚಪ್ಪಾಳೆ ತಟ್ಟಲು ಬೆತ್ತದ ಕುರ್ಚಿಗಳಿರಲಿಲ್ಲ.

“ಅಂಥವನು,” ಎಂದು ಡಾಕ್ಟರು ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು, “ತನ್ನ ನೋವನ್ನ ಯಾರಿಗೂ ಹೇಳ್ಲಿಲ್ಲ. ನಾನು ಡಾಕ್ಟರ್. ಪಕ್ಕದಲ್ಲೇ ಇದ್ದೆ. ಒಂದು ಮಾತು.” ಬೆರಳೊಂದನ್ನು ಎತ್ತಿ ತೋರಿಸಿದರು. ಯಾರೋ ಹೆಂಗಸು ಮೂಗೆಳೆದುಕೊಂಡಳು. ಮಾಧವಿ ಆ ಬೆರಳನ್ನೇ ನೋಡಿದಳು. ಈಗ ಎದ್ದು ಹೇಳಬಹುದಾಗಿತ್ತು. ಎದ್ದರೆ ಡಾಕ್ಟರು ಒಂದೇ ಪ್ರಶ್ನೆ ಕೇಳುತ್ತಿದ್ದರು: ನನಗೆ ಹೇಳಿದ್ದ ಅಂತ ನಿನಗೆ ಗೊತ್ತಿತ್ತಲ್ಲಮ್ಮ, ನೀನೇನು ಮಾಡ್ದೆ? ಅವಳು ಕುರ್ಚಿಯ ಅಂಚನ್ನು ಹಿಡಿದು ಕೂತಳು. ಕಬ್ಬಿಣ ತಣ್ಣಗಿತ್ತು.

ಡಾಕ್ಟರ ಎದುರಾಳಿ ಪಕ್ಕದ ಮನೆಯ ಟೋನಿ. ಕಂಟ್ರಾಕ್ಟರ್, ಈ ಕೋರ್ಟಿಗೆ ಡಾಂಬರು ಹಾಕಿ ಹಸಿರು ಬಣ್ಣ ಬಳಿದವನು ಅವನೇ. ದಿವಾಕರನನ್ನು ಡೀವ್ ಎನ್ನುತ್ತಿದ್ದ. ಅಂತ್ಯಕ್ರಿಯೆಯ ದಿನ ಗಟ್ಟಿಯಾಗಿ ಅತ್ತವನು ಅವನೊಬ್ಬನೇ. ಉಳಿದವರು ಅವನನ್ನು ಮುಜುಗರದಿಂದ ನೋಡಿದ್ದರು, ಮಾಧವಿಯೂ. ಈಗ ಅವನು ಅವಳ ಮುಂದೆಯೇ, ಗೇಟಿನ ಕಡೆಯ ಅಂಕಣದಲ್ಲಿ, ಬೆನ್ನು ತೋರಿಸಿ ನಿಂತಿದ್ದ. ಆಟದ ಮೇಲೆ ಅವಳ ಕಣ್ಣು ನಿಲ್ಲುತ್ತಿರಲಿಲ್ಲ. ಹಳದಿ ಚೆಂಡು ಆ ಕಡೆ ಹೋಯಿತು, ಈ ಕಡೆ ಬಂತು. ಡಾಕ್ಟರ ಕಾಲಿನಲ್ಲಿ, ಭುಜದಲ್ಲಿ, ಹೊಡೆಯುವ ಮುನ್ನ ರಾಕೆಟ್ಟನ್ನು ಹಿಂದಕ್ಕೆ ಒಯ್ಯುವ ಒಂದು ತುಣುಕು ಚಲನೆಯಲ್ಲಿ ದಿವಾಕರ ಇದ್ದ. ಬೇರೆಯವರ ಮೈಯಲ್ಲಿ ಅಲ್ಲೊಂದು ಇಲ್ಲೊಂದು ಚಲನೆಯಾಗಿ ಅವನು ಉಳಿದಿದ್ದ. ಅವಳ ಹತ್ತಿರ ಬಿಳಿ ಬಳಿದ ಒಂದು ಜೊತೆ ಶೂ, ಪ್ರೆಸ್ಸಿನಲ್ಲಿದ್ದ ರಾಕೆಟ್ಟು, ಮತ್ತು ಮಂಗಳವಾರದ ಬೆಳಗು.

ಮಂಗಳವಾರ ಅವನು ಮಂಚದ ಅಂಚಿನಲ್ಲಿ ಕೂತಿದ್ದ, ಒಂದೇ ಕಾಲಿಗೆ ಶೂ ಹಾಕಿಕೊಂಡು. ಹಿಂದಿನ ಸಂಜೆ ಅವರು ನ್ಯೂ ಜೆರ್ಸಿಯ ಎರಡನೆಯ ಪತ್ರದ ವಿಷಯಕ್ಕೆ ಜಗಳವಾಡಿದ್ದರು. ಅವನು ಬೇಡವೆಂದು ಬರೆದು ಅಂಚೆಗೆ ಹಾಕಿ ಬಂದು ಆಮೇಲೆ ಹೇಳಿದ್ದ. ಅವಳು ಡಬ್ಬಿಗೆ ಮೊಸರನ್ನ ತುಂಬುತ್ತಿದ್ದಳು, ಲೈಬ್ರರಿಯ ಕೆಲಸಕ್ಕೆ ಹೊತ್ತಾಗಿತ್ತು. “ಎದೆ ಒಂಥರಾ ಇದೆ ಮಾಧು,” ಎಂದ. “ಏನೋ ಇದೆಯೋ ಇಲ್ವೋ ಗೊತ್ತಾಗ್ತಿಲ್ಲ. ಅನುಮಾನ.” ಅವಳು ಡಬ್ಬಿಯ ಮುಚ್ಚಳ ಒತ್ತುತ್ತ, ತಿರುಗಿ ನೋಡದೆ, “ಅನುಮಾನ ತಾನೇ? ಎದುರಾಳಿಗೆ ಕೊಟ್ಬಿಡಿ,” ಎಂದಳು. ಅವನು ನಕ್ಕ. ಚೆನ್ನಾಗಿದೆ ಎಂದು ಮನಸಾರೆ ನಕ್ಕ. ಅದನ್ನೇ ಅವಳಿಗೆ ಕ್ಷಮಿಸಲು ಆಗುತ್ತಿರಲಿಲ್ಲ. ನಕ್ಕು ಎರಡನೆಯ ಶೂ ಹಾಕಿಕೊಂಡು, ಡಬ್ಬಿ ತೆಗೆದುಕೊಂಡು ಹೋದ. ರೂಸ್‌ವೆಲ್ಟ್ ಅವೆನ್ಯೂ ಸ್ಟೇಷನ್ನಿನ ಮೆಟ್ಟಿಲ ಮೇಲೆ ಬಿದ್ದಾಗ ಎಂಟೂ ಇಪ್ಪತ್ತು. ಡಬ್ಬಿ ಒಡೆದಿರಲಿಲ್ಲ. ಪೊಲೀಸಿನವನು ಅದನ್ನೂ ತಂದುಕೊಟ್ಟ.

“ಡಾಕ್ಟರಿಗೆ ಮ್ಯಾಚ್ ಪಾಯಿಂಟ್! ಇದೊಂದು ಗೆದ್ರೆ ಮುಗೀತು!” ಎಂದು ಬೇಲಿಯ ಹತ್ತಿರ ಯಾರೋ ಕೂಗಿದರು. ಡಾಕ್ಟರು ಸರ್ವ್ ಮಾಡಿದರು. ಚೆಂಡು ಮೂರು ನಾಲ್ಕು ಸಲ ನೆಟ್ಟು ದಾಟಿತು. ಆಮೇಲೆ ಡಾಕ್ಟರು ಉದ್ದಕ್ಕೆ ಹೊಡೆದ ಚೆಂಡು ಟೋನಿಯನ್ನು ದಾಟಿ ಅವಳ ಕಡೆಗೇ ಬಂತು. ಅವಳು ನೋಡಿದಳು. ಅಷ್ಟು ಸ್ಪಷ್ಟವಾಗಿ ಅವಳು ನಾಲ್ಕು ತಿಂಗಳಲ್ಲಿ ಏನನ್ನೂ ನೋಡಿರಲಿಲ್ಲ. ಹಳದಿ ರೋಮದ ಒಂದು ಗುಂಡು ಬಿಳಿ ಬಣ್ಣದ ಗೆರೆಯ ಮೇಲೆ, ಸರಿಯಾಗಿ ಮೇಲೆ, ಕೂತು ಎದ್ದು ಹೋಯಿತು. ಡಾಂಬರಿನ ಮೇಲೆ ಗುರುತು ಉಳಿಯುವುದಿಲ್ಲ. ಎಲ್ಲರೂ ಅವಳ ಕಡೆ ತಿರುಗಿದರು.

“ಔಟ್,” ಎಂದಳು.

ಬೇಲಿಯ ಹತ್ತಿರ ಗುಜುಗುಜು. ಟೋನಿ ಭುಜ ಕುಣಿಸಿದ. ಬೆನ್ನು ಆ ಕಡೆಗಿದ್ದುದರಿಂದ ಅವನಿಗೆ ಕಂಡಿರಲಿಲ್ಲ. ಡಾಕ್ಟರು ನೆಟ್ಟಿನ ತನಕ ನಡೆದು ಬಂದರು. ಅವರಿಗೆ ಕಂಡಿತ್ತು. ಅವರ ಕಣ್ಣಿನಲ್ಲಿ ಒಂದು ಕ್ಷಣ ಬರಿಯ ಸಿಟ್ಟಿತ್ತು, ಆ ಸಿಟ್ಟು ಅವಳಿಗೆ ತಂಪೆನಿಸಿತು. ಆಮೇಲೆ ಅವರು ನಕ್ಕರು. ರಾಕೆಟ್ಟನ್ನು ಎದೆಗೊತ್ತಿಕೊಂಡು ಎಲ್ಲರಿಗೂ ಕೇಳುವಂತೆ ಹೇಳಿದರು: “ಅಪೀಲ್ ಇಲ್ಲ. ನಮ್ಮ ದಿವಾಕರ ಕಲಿಸಿದ ಪಾಠ. ಅನುಮಾನದ ಚೆಂಡು ಎದುರಾಳಿಗೆ!”

ಚಪ್ಪಾಳೆ ಬಿತ್ತು. ಸೂರ್ಯನಾರಾಯಣರ ಹೆಂಡತಿ “ಎಂಥಾ ದೊಡ್ಡ ಮನಸ್ಸು,” ಎಂದರು. ಮಾಧವಿಯ ಕಿವಿ ಬಿಸಿಯಾಯಿತು. ದಿವಾಕರನ ಇಡೀ ಬದುಕನ್ನು ಸುಟ್ಟ ಆ ಮಾತನ್ನು ಈ ಮನುಷ್ಯ ಒಂದು ಹೂವಿನಂತೆ ಎತ್ತಿ ಅಂಗಿಗೆ ಸಿಕ್ಕಿಸಿಕೊಂಡಿದ್ದ, ಅದೂ ಅವಳು ಕೊಟ್ಟ ಸುಳ್ಳಿನಿಂದ. ಡಾಕ್ಟರು ಸರ್ವ್ ಮಾಡಲು ವಾಪಸು ನಡೆಯುತ್ತಿದ್ದರು. ಬೆನ್ನು ಸಂತೋಷದಿಂದ ಅಗಲವಾಗಿತ್ತು. ಆಗ ಅವಳಿಗೆ, ಸಿಟ್ಟಿನ ನಡುವೆಯೇ, ಹಿಂದಿನ ಕೋರ್ಟಿನಲ್ಲಿ ಹದಿನೇಳು ಜನರ ಮುಂದೆ ಕೈ ಎತ್ತಿ ನಿಂತವನು ಕಾಣಿಸಿದ. ಯಾರೂ ನೋಡಿರಲಿಲ್ಲ, ಯಾರೂ ಕೇಳಿರಲಿಲ್ಲ. ಅದು ಬಿಟ್ಟುಕೊಡುವುದಾಗಿರಲಿಲ್ಲವೇನೋ. ತನ್ನ ಮೈಗೆ ತಾಕಿದ್ದನ್ನು ತಾನೇ ಹೇಳುವುದು, ಅಷ್ಟೇ.

ಅವಳು ಎದ್ದಳು. ಮಡಿಸುವ ಕುರ್ಚಿ ಹಿಂದೆ ಬಿದ್ದು ಸದ್ದಾಯಿತು. ಕೈ ಎತ್ತಿದಳು.

“ಡಾಕ್ಟ್ರೇ, ನಿಲ್ಲಿ. ಚೆಂಡು ಒಳಗಿತ್ತು. ಗೆರೆ ಮೇಲೇ ಬಿತ್ತು. ಅನುಮಾನ ಏನೂ ಇರಲಿಲ್ಲ. ನೋಡಿನೂ ಸುಳ್ಳು ಹೇಳ್ದೆ.”

ಡಾಕ್ಟರು ತಿರುಗಿ ನಿಂತರು.

“ಇನ್ನೊಂದು. ಅವರು ಯಾರಿಗೂ ಹೇಳ್ಲಿಲ್ಲ ಅಂತೀರಲ್ಲ, ಅದು ಸುಳ್ಳು. ನನಗೆ ಹೇಳಿದ್ರು. ಮಂಗಳವಾರ ಬೆಳಿಗ್ಗೆ, ಎದೆ ಒಂಥರಾ ಇದೆ ಅಂತ. ನಾನು ತಮಾಷೆ ಮಾಡಿ ಕಳಿಸ್ದೆ.” ಉಸಿರು ಸಾಲಲಿಲ್ಲ. ನಿಂತು ಎಳೆದುಕೊಂಡಳು. “ಅದಕ್ಕೆ ಎರಡು ದಿನ ಮೊದಲು, ಇದೇ ಕೋರ್ಟಿನಲ್ಲಿ, ಇನ್ನೊಬ್ಬರಿಗೂ ಹೇಳಿದ್ರು. ಅದು ಯಾರು ಅಂತ ನಾನು ಹೇಳಲ್ಲ. ನನ್ನದು ನಾನು ಹೇಳಿಯಾಯ್ತು.”

ಸ್ಯಾಂಡ್‌ವಿಚ್ಚಿನ ತಟ್ಟೆಗಳು ನಿಂತಲ್ಲೇ ನಿಂತವು. ಪ್ರಾಣೇಶ ಬೇಲಿಯ ಜಾಲರಿಗೆ ಬೆರಳು ಸಿಕ್ಕಿಸಿಕೊಂಡು ನೆಲ ನೋಡುತ್ತಿದ್ದ. ಕೌಸಲ್ಯಾ ಗಂಡನ ಮುಖ ನೋಡಿದರು, ಬೇಗ ಕಣ್ಣು ತೆಗೆದರು. ಡಾಕ್ಟರು ರಾಕೆಟ್ಟಿನ ತಂತಿಗಳನ್ನು ಬೆರಳಿನಿಂದ ಸರಿಪಡಿಸತೊಡಗಿದರು, ಒಂದೊಂದಾಗಿ, ಸರಿಯಾಗಿಯೇ ಇದ್ದ ತಂತಿಗಳನ್ನು.

ಟೋನಿ ನೆಟ್ಟಿನ ಹತ್ತಿರ ಬಂದ. ಒಬ್ಬೊಬ್ಬರ ಮುಖ ನೋಡಿ, “ವಾಟ್ ಡಿಡ್ ಶಿ ಸೇ, ಡಾಕ್?” ಎಂದು ಕೇಳಿದ.

ಡಾಕ್ಟರು ತಲೆ ಎತ್ತಲಿಲ್ಲ. ಎಲ್ಲರೂ ಕಾದರು. ಅವಳೂ ಕಾದಳು.

“ಶಿ ಸೇಸ್,” ಎಂದು ಅವರು ಗಂಟಲು ಸರಿಮಾಡಿಕೊಂಡರು, “ದ ಬಾಲ್ ವಾಸ್ ಇನ್.”

“ಆಲ್ ದಟ್ ಟಾಕ್, ಜಸ್ಟ್ ಫಾರ್ ದಟ್?” ಎಂದ ಟೋನಿ. ಆಮೇಲೆ ಭುಜ ಕುಣಿಸಿ ಕೈ ಚಾಚಿದ. “ವೆಲ್, ದೆನ್ ಯು ವನ್.”

ಕೈ ಕುಲುಕಿದ್ದಾಯಿತು. ಯಾರೂ ಚಪ್ಪಾಳೆ ತಟ್ಟಲಿಲ್ಲ. ಸೂರ್ಯನಾರಾಯಣರ ಹೆಂಡತಿ ಕುರ್ಚಿಯಿಂದ ಅರ್ಧ ಎದ್ದು, ಕೌಸಲ್ಯಾ ಕಡೆ ನೋಡಿ, ಮತ್ತೆ ಕೂತರು. ಮಾಧವಿ ಮೇಜಿನ ಹತ್ತಿರ ಹೋಗಿ ಟವೆಲ್ ಬಿಚ್ಚಿ ಕಪ್ಪನ್ನು ಎತ್ತಿಕೊಂಡಳು. ಕೋರ್ಟಿನ ಉದ್ದಕ್ಕೂ ನಡೆದು, ಗೆದ್ದವರ ಮುಂದೆ ನಿಂತು, ಎರಡೂ ಕೈಯಲ್ಲಿ ಅದನ್ನು ಮುಂದೆ ಹಿಡಿದಳು. ಹಿತ್ತಾಳೆ ಕಾಣುವ ಹಿಡಿಕೆ ಅವರ ಕಡೆಗಿತ್ತು. ಡಾಕ್ಟರ ಬೆರಳುಗಳು ತಂತಿಗಳಲ್ಲೇ ಇದ್ದವು. ಅವರು ಕಪ್ಪನ್ನು ನೋಡಲಿಲ್ಲ, ಅವಳನ್ನೂ ನೋಡಲಿಲ್ಲ.

ಕಪ್ಪು ಹಗುರವಾಗಿತ್ತು. ಎಷ್ಟು ಹೊತ್ತು ಬೇಕಾದರೂ ಹಿಡಿದು ನಿಲ್ಲಬಹುದಾಗಿತ್ತು.